ಉಪ್ಪನ ಮಾರುತಿಗೆ ಹೊಸ ಎಂಜಿನ್: ಮೊದಲು ಕಾಗದ ನೋಡಿ

“ಉಪ್ಪ ಕೊಂಡ ಕಾರು, ಮಾರಲಿಕ್ಕೆ ಮನಸ್ಸು ಬರುವುದಿಲ್ಲ.” ಹಳೆಯ ಮಾರುತಿ 800 ಇರುವ ನಮ್ಮ ಮನೆಗಳಲ್ಲಿ ಈ ಮಾತು ಹೊಸದಲ್ಲ. 1983ರಲ್ಲಿ ರಸ್ತೆಗಿಳಿದ ಈ ಪುಟ್ಟ ಕಾರಿನ ತಯಾರಿ 2014ರಲ್ಲಿ ನಿಂತಿತು. ಈಗ ಮನೆಯ ಹುಡುಗರು, ಕಾರ್ಬುರೇಟರ್ ಎಂಜಿನ್ ತೆಗೆದು ನಂತರದ ಮಾದರಿಯ ಎಂಪಿಎಫ್‌ಐ ಎಂಜಿನ್ ಕೂರಿಸೋಣ ಎನ್ನುತ್ತಾರೆ.

ಎರಡೂ 796 ಸಿಸಿ, ಮೂರು ಸಿಲಿಂಡರ್. ಹಾಗಂತ ಬೋಲ್ಟ್ ಬಿಚ್ಚಿ ಬಿಗಿದರೆ ಕೆಲಸ ಮುಗಿಯುವುದಿಲ್ಲ. ಹೊಸ ಎಂಜಿನ್‌ಗೆ ಅದರದೇ ಕಂಪ್ಯೂಟರ್, ಸೆನ್ಸರ್, ವೈರಿಂಗ್ ಬೇಕು. ಪೆಟ್ರೋಲ್ ಹೆಚ್ಚು ಒತ್ತಡದಲ್ಲಿ ಬರಬೇಕು, ಅದಕ್ಕೆ ಕರೆಂಟಿನ ಪಂಪ್ ಬೇಕು. ಹಳೆಯ ರಬ್ಬರ್ ಪೈಪನ್ನೇ ಉಳಿಸಿದರೆ ಸೋರಬಹುದು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಬಿದ್ದರೆ ಬೆಂಕಿಯೇ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುತ್ತಾರೆ, ನೆನಪಿರಲಿ.

ಇನ್ನು ಕಾಗದಪತ್ರ. ಎಂಜಿನ್ ನಂಬರ್ ಆರ್‌ಸಿಯಲ್ಲಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು. ಬದಲಿಸಿದ 14 ದಿನದೊಳಗೆ ತಿಳಿಸಿ ಆರ್‌ಸಿ ತಿದ್ದಿಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯ ಹಣಕ್ಕೂ ತಕರಾರು ಬರಬಹುದು. ಗುಜರಿಯಿಂದ ತಂದ ಎಂಜಿನ್ ಕದ್ದ ಕಾರಿನದ್ದಾದರೆ ಪೊಲೀಸರು ಬರುವುದು ನಿಮ್ಮ ಮನೆಗೇ.

ಹಾಗಾಗಿ ಹಣ ಎಣಿಸುವ ಮೊದಲು ಬಿಲ್ ಕೇಳಿ, ಯಾವ ಕಾರಿನ ಎಂಜಿನ್ ಎಂಬ ದಾಖಲೆ ಕೇಳಿ. ಕೊಡದಿದ್ದರೆ ಸುಮ್ಮನೆ ವಾಪಸ್ ಬನ್ನಿ. ಹಳೆಯ ಎಂಜಿನ್ನನ್ನೇ ಬೋರ್ ಮಾಡಿಸಿ ಓಡಿಸುವುದು ಲೇಸು. ಅದರ ನಂಬರ್ ಉಪ್ಪನ ಆರ್‌ಸಿಯಲ್ಲೇ ಇದೆ.