ಗೇನ್ ಏರಿಸಿದರೂ ಟ್ರೇಲರ್ ಬ್ರೇಕ್ ಹಿಡಿಯದೇಕೆ?

ಪ್ರಶ್ನೆ: ಟೆಕ್ಸಾಸ್‌ನಲ್ಲಿ ಹಳೆಯ ಯುಟಿಲಿಟಿ ಟ್ರೇಲರ್ ಕೊಂಡೆವು. ಕಂಟ್ರೋಲರ್‌ನ ಗೇನ್ ಪೂರ್ತಿ ಏರಿಸಿದರೂ ಅದರ ಎಲೆಕ್ಟ್ರಿಕ್ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಏಕೆ?

ಉತ್ತರ: ಡ್ರಮ್ ಬಿಚ್ಚುವ ಮೊದಲು ಗ್ರೌಂಡ್ ವೈರ್ ನೋಡಿ. ಚಾಸಿಗೆ ಬಿಗಿದ ಬಿಳಿ ವೈರಿನ ಬೋಲ್ಟ್ ಬಿಚ್ಚಿದರೆ ಎಷ್ಟೋ ಸಲ ಕೆಳಗೆ ತುಕ್ಕಿನ ಪದರವೇ ಇರುತ್ತದೆ. ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಯಿರಿ.

ಆಮೇಲೆ ಬ್ರೇಕಿಗೆ ಹೋಗುವ ನೀಲಿ ವೈರಿನ ಕರೆಂಟ್ ಅಳೆಯಿರಿ. 10 ಅಥವಾ 12 ಇಂಚಿನ ಡ್ರಮ್ ಇರುವ ಎರಡು ಚಕ್ರಗಳಿಗೆ ಪೂರ್ಣ ಬ್ರೇಕಿನಲ್ಲಿ ಸುಮಾರು 6ರಿಂದ 7.5 ಆಂಪಿಯರ್ ಹರಿಯಬೇಕು. ಅರ್ಧದಷ್ಟೇ ಇದ್ದರೆ ಒಂದು ಬದಿಯ ಮ್ಯಾಗ್ನೆಟ್ ಕೆಟ್ಟಿದೆ, ಇಲ್ಲವೇ ಅದರ ವೈರ್ ತುಂಡಾಗಿದೆ. ಕೊಳವೆಯಂಥ ಆಕ್ಸಲ್ ಒಳಗೆ ಹಾದುಹೋಗುವ ವೈರ್ ಉಜ್ಜಿ ಸವೆಯುವುದುಂಟು, ಹೊರಗಿನಿಂದ ಗೊತ್ತೇ ಆಗದು.

ಕರೆಂಟ್ ಸರಿಯಿದ್ದರೆ ದೋಷ ಡ್ರಮ್‌ನಲ್ಲಿದೆ. ಮ್ಯಾಗ್ನೆಟ್ ತಿರುಗುವ ಡ್ರಮ್ಮಿಗೆ ಅಂಟಿಕೊಂಡು, ತನ್ನ ತೋಳನ್ನು ಎಳೆದು ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಶೂ ಸವೆದು ಅಂತರ ಹೆಚ್ಚಿದರೆ ಆ ಎಳೆತ ವ್ಯರ್ಥ. ಹಳೆಯ ಬ್ರೇಕುಗಳು ತಾವಾಗಿ ಹೊಂದಿಕೊಳ್ಳುವುದಿಲ್ಲ. ಹಾಗಾಗಿ ಟ್ರೇಲರನ್ನು ಜ್ಯಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂಬದಿಯ ಕಿಂಡಿಯಿಂದ ಶೂ ಹೊಂದಿಸುವ ಹಲ್ಲುಚಕ್ರವನ್ನು ಚಕ್ರ ತಿರುಗದಷ್ಟು ಬಿಗಿಮಾಡಿ, ಸಣ್ಣ ಸವರುವಿಕೆ ಉಳಿಯುವಷ್ಟು ಸಡಿಲಿಸಿ. ಶೂ ಗ್ರೀಸ್ ಹೀರಿದ್ದರೆ ತೊಳೆದು ಪ್ರಯೋಜನವಿಲ್ಲ, ಬದಲಿಸಲೇಬೇಕು. ಅದುವರೆಗೆ ದಯವಿಟ್ಟು ಭಾರ ಹೇರಬೇಡಿ.