ಏದುಸಿರು ಬರೀ ವಯಸ್ಸಿನದ್ದಲ್ಲ

ನಾವು ಪಾಠ ಹೇಳಲೆಂದು ಚಿಂಚೋಳಿಗೆ ಬಂದ ಹೊಸತರಲ್ಲಿ ನೆರೆಮನೆಯ ಹಿರಿಯರೊಬ್ಬರು ಫಜ್ರ್ ನಮಾಜಿಗೆ ನಮಗಿಂತ ಮೊದಲೇ ಮಸೀದಿಯಲ್ಲಿರುತ್ತಿದ್ದರು. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಅದೇ ದಾರಿಯಲ್ಲಿ ಎರಡು ಕಡೆ ನಿಲ್ಲತೊಡಗಿದರು. ಮೆಟ್ಟಿಲ ಹತ್ತಿರ ಕಂಬ ಹಿಡಿದು ಉಸಿರೆಳೆದುಕೊಳ್ಳುವರು. "ಏನು ಚಾಚಾ?" ಅಂದರೆ, "ಏನಿಲ್ಲ ಹಜರತ್, ವಯಸ್ಸಾತು ನೋಡ್ರಿ" ಎಂಬ ಒಂದೇ ಉತ್ತರ. ರಾತ್ರಿ ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆಂದು ಮೂರು ದಿಂಬು ಇಟ್ಟುಕೊಳ್ಳುತ್ತಿದ್ದದ್ದು ಮನೆಯವರಿಗೆ ಗೊತ್ತಿತ್ತು, ಯಾರೂ ಅದನ್ನು ಕಾಯಿಲೆ ಅಂದುಕೊಂಡಿರಲಿಲ್ಲ.

ಕೊನೆಗೆ ಮಗ ಕಲಬುರಗಿಗೆ ಕರೆದೊಯ್ದು ಎಕೋ ಮಾಡಿಸಿದ. ಹೃದಯದ ಸ್ನಾಯು ದಪ್ಪವಾಗಿ ಬಿಗಿದಿದೆ ಎಂದರು ಡಾಕ್ಟರು. ಬಿಪಿ ಇದ್ದದ್ದು ಹತ್ತು ವರ್ಷದಿಂದ, ಮಾತ್ರೆ ನುಂಗಿದ್ದು ಎರಡೇ ವರ್ಷ. "ಆರಾಮ ಅದೀನಿ, ಮತ್ತ್ಯಾಕ ಗುಳಗಿ?" ಎಂದು ಬಿಟ್ಟಿದ್ದರಂತೆ. ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಬ್ಯಾರಿ ಮನೆಗಳಲ್ಲೂ ಇದೇ ಮಾತು ಕೇಳ್ತೇವೆ, ಭಾಷೆ ಮಾತ್ರ ಬೇರೆ.

ಹೃದಯ ಅಂದರೆ ಒಂದು ಮುಷ್ಟಿಯಷ್ಟು ಸ್ನಾಯು. ದಿನಕ್ಕೆ ಸುಮಾರು 1 ಲಕ್ಷ ಸಲ ಅದು ಹಿಂಡುತ್ತದೆ, ಹಿಂಡಿದ ಮೇಲೆ ಸಡಿಲವಾಗುತ್ತದೆ. ಎಕೋ ರಿಪೋರ್ಟಿನಲ್ಲಿ ನಾವೆಲ್ಲ ಹುಡುಕುವುದು 'ಇಎಫ್' ಎಂಬ ಅಂಕಿಯನ್ನು. ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಎಂಬ ಲೆಕ್ಕ ಅದು. 55ರಿಂದ 70 ಇದ್ದರೆ ಸಾಮಾನ್ಯವಾಗಿ ಸರಿ ಅನ್ನುತ್ತಾರೆ. ಆರೋಗ್ಯವಂತರಲ್ಲಿ ವಯಸ್ಸಾದರೂ ಈ ಅಂಕಿ ಅಷ್ಟಾಗಿ ಇಳಿಯುವುದಿಲ್ಲ. ಕಮ್ಮಿಯಾಗುವುದು ಸಡಿಲವಾಗುವ ಗುಣ. ಹಳತಾದ ರಬ್ಬರಿನ ಹಾಗೆ ಗೋಡೆ ಬಿಗಿಯುತ್ತದೆ, ರಕ್ತ ಸಲೀಸಾಗಿ ತುಂಬುವುದಿಲ್ಲ, ಒತ್ತಡ ಹಿಂದಕ್ಕೆ ಶ್ವಾಸಕೋಶದ ಕಡೆ ಹೋಗುತ್ತದೆ. ಆಗಲೇ ಏದುಸಿರು. ಹಾಗಾಗಿ 'ಇಎಫ್ 60 ಉಂಟು, ಎಲ್ಲ ಸರಿ' ಎಂದು ರಿಪೋರ್ಟು ಮಡಚಿಡುವ ಹಾಗಿಲ್ಲ ಮಾರಾಯ್ರೆ.

ಇದು ರೋಗಿಗಳ ಕಥೆ ಮಾತ್ರ ಅಲ್ಲ. ಅಮೆರಿಕದ ಓಲ್ಮ್‌ಸ್ಟೆಡ್ ಎಂಬ ಜಿಲ್ಲೆಯಲ್ಲಿ 45 ದಾಟಿದ ಸಾಮಾನ್ಯ ಜನರನ್ನೇ ಆರಿಸಿ, ಸುಮಾರು ನಾಲ್ಕು ವರ್ಷದ ಅಂತರದಲ್ಲಿ ಎರಡು ಸಲ ಎಕೋ ಮಾಡಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಡಿಲವಾಗುವ ತೊಂದರೆ ಇದ್ದವರು ನೂರಕ್ಕೆ 24ರಷ್ಟಿದ್ದದ್ದು 39ಕ್ಕೆ ಏರಿತ್ತು. ನಾಲ್ಕೇ ವರ್ಷದಲ್ಲಿ! ಆದರೆ ನೂರಕ್ಕೆ ಸುಮಾರು 9 ಮಂದಿಯಲ್ಲಿ ಅದು ಸುಧಾರಿಸಿಯೂ ಇತ್ತು. ನಮಗೆ ಹೆಚ್ಚು ಬೇಕಾದದ್ದು ಈ ಎರಡನೆಯ ಲೆಕ್ಕ.

ವಯಸ್ಸನ್ನು ನಿಲ್ಲಿಸಲಿಕ್ಕೆ ಆಗುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು ನಮ್ಮ ಕೈಯಲ್ಲಿ ಸ್ವಲ್ಪವಾದರೂ ಉಂಟು. ಬಿಪಿ ಜಾಸ್ತಿ ಇದ್ದರೆ ಹೃದಯ ಪ್ರತಿ ಸಲವೂ ಭಾರಕ್ಕೆ ವಿರುದ್ಧ ತಳ್ಳಬೇಕು. ಮೂಟೆ ಹೊರುವವನ ತೋಳಿನಂತೆ ಸ್ನಾಯು ದಪ್ಪವಾಗುತ್ತದೆ, ದಪ್ಪವಾದದ್ದು ಬಿಗಿಯುತ್ತದೆ. ಬಿಪಿ ಹತೋಟಿಗೆ ಬಂದರೆ ಆ ದಪ್ಪ ಕಡಿಮೆಯಾಗುವುದೂ ಉಂಟು. ಇನ್ನು ಉಪ್ಪಿನ ವಿಷಯ: ಗಂಜಿಗೆ ಒಣಮೀನು, ಪಕ್ಕದಲ್ಲಿ ಉಪ್ಪಿನಕಾಯಿ, ಮೇಲೆ ಹಪ್ಪಳ. ನಾವೂ ಹೀಗೇ ತಿಂದು ಬೆಳೆದವರು, ಬುದ್ಧಿ ಹೇಳಲು ನಾಚಿಕೆಯಾಗುತ್ತದೆ.

ರಮಳಾನಿನಲ್ಲಿ ಕೆಲವರು ತಿಂಗಳಿಡೀ ಬಿಪಿ ಮಾತ್ರೆ ಬಿಟ್ಟುಬಿಡ್ತಾರೆ. ಮಾತ್ರೆಯ ಹೊತ್ತನ್ನು ಸಹರಿಗೋ ಇಫ್ತಾರಿಗೋ ಬದಲಿಸಬಹುದೇ, ಉಪವಾಸ ಹಿಡಿಯಬಹುದೇ ಎಂದು ತಿಂಗಳು ಶುರುವಾಗುವ ಮೊದಲೇ ಡಾಕ್ಟರಲ್ಲಿ ಕೇಳಿ. ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರಂತೂ, ಈ ಕಡೆಯ ಬಿಸಿಲಿನಲ್ಲಿ, ಕೇಳದೆ ಏನೂ ಮಾಡಬಾರದು. ಕಾಯಿಲೆಯವರಿಗೆ ದೀನಿನಲ್ಲಿ ರಿಯಾಯಿತಿ ಇದೆ ಎಂದು ಮದ್ರಸದ ಮಕ್ಕಳಿಗೂ ಗೊತ್ತು.

ಹೃದಯಾಘಾತದಲ್ಲಿ ಮಾತ್ರ ಸ್ನಾಯು ವರ್ಷಗಳಲ್ಲಿ ಅಲ್ಲ, ಗಂಟೆಗಳಲ್ಲಿ ಸಾಯುತ್ತದೆ. ಕಲಬುರಗಿಯಲ್ಲಿ ಜಯದೇವ ಆಸ್ಪತ್ರೆ ಇದ್ದರೂ ಚಿಂಚೋಳಿಯಿಂದ ಅಲ್ಲಿಗೆ 80 ಕಿ.ಮೀ.ಗೂ ಮಿಕ್ಕಿ ದಾರಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆ 2023ರಲ್ಲಿ ಬಂದದ್ದು ಇಂಥ ಊರುಗಳಿಗಾಗಿಯೇ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ಏರ್ಪಾಡು. ಎದೆನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸುತ್ತಾ ಕೂರದೆ ಮೊದಲು ಅಲ್ಲಿಗೆ ಹೋಗಿ.

ಚಾಚಾ ಈಗ ಗುಳಿಗೆ ತಪ್ಪಿಸುವುದಿಲ್ಲ, ಸೊಸೆ ಎಣಿಸಿ ಕೊಡುತ್ತಾಳೆ. ಮೆಟ್ಟಿಲ ಹತ್ತಿರ ಇನ್ನೂ ನಿಲ್ಲುತ್ತಾರೆ. ದಿಂಬು ಮಾತ್ರ ಮೂರರಿಂದ ಒಂದಕ್ಕೆ ಇಳಿದಿದೆ.