ಇಂಜಿನಿಯರಿಂಗ್ ಮುಗಿಯಿತು, ಮೊದಲ ಕೆಲಸ ಎಲ್ಲಿ?

ಕಳೆದ ಮಾಘದಲ್ಲಿ, ಅಡಿಕೆ ಸುಲಿದು ಬೇಯಿಸಿ ಒಣಗಿಸುವ ಗಡಿಬಿಡಿ ಮುಗಿದು ಮಾಲು ಸೊಸೈಟಿಯ ಗೋದಾಮಿಗೆ ಬರತೊಡಗಿದ್ದ ದಿನಗಳಲ್ಲಿ, ನಮ್ಮ ಹಿರಿಯ ಸದಸ್ಯರೊಬ್ಬರು ಕಚೇರಿಗೆ ಬಂದರು. ಹತ್ತು ಚೀಲ ರಾಶಿ ಇಡಿಯನ್ನು ಈಡಿಟ್ಟು ಎರಡೂವರೆ ಲಕ್ಷ ರೂಪಾಯಿ ಸಾಲ ಬೇಕೆಂದರು. ಮಾಲು ಗೋದಾಮಿನಲ್ಲಿದೆ, ನಿಯಮದಲ್ಲಿ ತೊಡಕಿಲ್ಲ. ಆದರೆ ಎರಡು ಮಾತು ಕೇಳದೆ ಚೀಟಿ ಬರೆಯುವ ಸ್ವಭಾವ ನಮ್ಮ ಸೆಕ್ರೆಟರಿಯವರದಲ್ಲ.

“ಏನು ಹೆಗ್ಡೇರೆ, ಮನೇಲಿ ಕಾರ್ಯ ಏನಾದ್ರೂ ಉಂಟಾ?”

“ಕಾರ್ಯ ಎಂತದು ಮಾರಾಯ್ರೆ. ಹುಡುಗ ಇಂಜಿನಿಯರಿಂಗ್ ಮುಗಿಸಿ ಒಂದೂವರೆ ವರ್ಷ ಆಯ್ತು. ಬೆಂಗಳೂರಲ್ಲಿ ಒಬ್ರು ಕಂಪನಿಗೆ ಹಾಕಿಸಿ ಕೊಡ್ತಾರಂತೆ. ಈ ವಾರದೊಳಗೆ ದುಡ್ಡು ಕಟ್ಟಬೇಕಂತೆ.”

ಆ ಹೊತ್ತಿಗೆ ನಾವೂ ಅಲ್ಲೇ ಕುಳಿತಿದ್ದೆವು. ಅಂದು ಸಾಲದ ಚೀಟಿ ಬರೆಯಲಿಲ್ಲ. ಎಂಟು ದಿನ ತಡೆಯಿರಿ, ಹುಡುಗನನ್ನು ಒಮ್ಮೆ ಇಲ್ಲಿಗೆ ಕಳಿಸಿಕೊಡಿ ಎಂದು ಕೇಳಿಕೊಂಡೆವು. ಹೆಗಡೆಯವರಿಗೆ ಸ್ವಲ್ಪ ಬೇಸರವೇ ಆಯಿತು. ಹೆಸರು ಹಾಕದೆ ಬರೆಯುವುದಾದರೆ ಬರೆಯಿರಿ ಎಂದು ಈಗ ಅವರೇ ಒಪ್ಪಿದ್ದರಿಂದ ಈ ಸಂಗತಿಯನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಇದು ಒಂದು ಮನೆಯ ಮಾತಲ್ಲ. 2024 ಮತ್ತು 2025ರಲ್ಲಿ ಕಾಫಿಗೆ ಬಂದ ಬೆಲೆಯನ್ನು ನೋಡಿ ಪೇಟೆಯವರು ನಮ್ಮನ್ನೆಲ್ಲ ಸಾಹುಕಾರರೆಂದು ತಿಳಿದಿದ್ದಾರೆ. ಆದರೆ ಹಳದಿ ಎಲೆ ರೋಗದಿಂದ ಅರ್ಧ ತೋಟ ಕಳೆದುಕೊಂಡು, ಉಳಿದದ್ದಕ್ಕೆ ಎಲೆಚುಕ್ಕಿ ಹತ್ತಿಸಿಕೊಂಡು ಕುಳಿತ ಮನೆಗಳು ಎಷ್ಟೆಂದು ನಮಗೆ ಗೊತ್ತು. ಅಂಥ ಮನೆಯಲ್ಲಿ ಮಗನದೋ ಮಗಳದೋ ತಿಂಗಳ ಸಂಬಳ ಎಂಬುದು ಶೋಕಿಯ ಮಾತಲ್ಲ. ಅಡಿಕೆ ಮಾರಿದ ದುಡ್ಡಿನಲ್ಲಿ ಓದಿಸಿದ್ದಾಗಿದೆ. ಮತ್ತೆ ಅಡಿಕೆ ಮಾರಿಯೇ ಕೆಲಸವನ್ನೂ ಕೊಳ್ಳುವುದೆಂದರೆ ಹೇಗೆ?

ನಮ್ಮ ಭಾಗದಲ್ಲಿ ಇಂಜಿನಿಯರಿಂಗ್ ಓದು ಹತ್ತಿರಕ್ಕೆ ಬಂದದ್ದು ಹಂತಹಂತವಾಗಿ. 1960ರಲ್ಲಿ ಹಾಸನ ಮತ್ತು ಸುರತ್ಕಲ್‌ನಲ್ಲಿ, 1980ರಲ್ಲಿ ಚಿಕ್ಕಮಗಳೂರು ಮತ್ತು ಶಿವಮೊಗ್ಗದಲ್ಲಿ, 1986ರಲ್ಲಿ ಸುಳ್ಯದಲ್ಲಿ ಕಾಲೇಜುಗಳಾದವು. 1994ರಲ್ಲಿ ಸಿಇಟಿ ಬಂತು. ಅಲ್ಲಿಂದ ಮುಂದೆ ಊರಿಗೆ ಒಬ್ಬರಿದ್ದ ಇಂಜಿನಿಯರು ಕೇರಿಗೆ ಒಬ್ಬರಾದರು. ವಿಶ್ವೇಶ್ವರಯ್ಯನವರು 1883ರಲ್ಲಿ ಪುಣೆಯಲ್ಲಿ ಮೊದಲನೆಯವರಾಗಿ ತೇರ್ಗಡೆಯಾದಾಗ ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಕೆಲಸ ಸಿಕ್ಕಿತು. ಪಾಸಾದವರು ಬೆರಳೆಣಿಕೆಯಷ್ಟಿದ್ದ ಕಾಲ ಅದು. ಆಮೇಲಿನ ತಲೆಮಾರಿಗೆ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳಿದ್ದವು. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಬರೆಸಿ, ಪೋಸ್ಟ್‌ಮ್ಯಾನ್ ಬರುವ ದಾರಿ ನೋಡುತ್ತ ಕುಳಿತರೆ ಒಂದಲ್ಲ ಒಂದು ದಿನ ಕಾರ್ಡು ಬರುತ್ತಿತ್ತು. ಆ ಎಚ್‌ಎಂಟಿಯ ಗಡಿಯಾರದ ಕಾರ್ಖಾನೆಯೇ 2016ರಲ್ಲಿ ಮುಚ್ಚಿತು.

ಕಾಲ ಹೋಯಿತು, ಮಾತು ಮಾತ್ರ ಉಳಿಯಿತು. ನಮ್ಮ ಕಡೆ ಇವತ್ತಿಗೂ ಕೆಲಸಕ್ಕೆ ‘ಸೇರುವುದು’ ಎನ್ನುವುದಕ್ಕಿಂತ ಕೆಲಸಕ್ಕೆ ‘ಹಾಕಿಸುವುದು’ ಎಂಬ ಮಾತೇ ಹೆಚ್ಚು. ಯಾರಾದರೂ ಹಾಕಿಸಬೇಕು. ಮಾವನೋ, ಎಮ್ಮೆಲ್ಲೆಯೋ, ಪರಿಚಯದ ಮ್ಯಾನೇಜರೋ. ದಲ್ಲಾಳಿಗಳು ಬದುಕುತ್ತಿರುವುದು ಈ ಒಂದು ಮಾತಿನ ಮೇಲೆ.

ಅವರ ರೀತಿಯನ್ನು ನಾವು ಪರರಿಂದ ಕೇಳಿ ಬರೆಯುತ್ತಿಲ್ಲ. ನಮ್ಮ ಅಣ್ಣನ ಮಗ 2019ರಲ್ಲಿ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಅರವತ್ತು ಸಾವಿರ ಕಟ್ಟಿದ. ಮೊದಲು ‘ರಿಜಿಸ್ಟ್ರೇಷನ್’ ಎಂದು ಎರಡು ಸಾವಿರ, ಆಮೇಲೆ ‘ಟ್ರೈನಿಂಗ್’ ಎಂದು ಇಪ್ಪತ್ತು, ಕೊನೆಗೆ ‘ಸೆಕ್ಯುರಿಟಿ ಡಿಪಾಸಿಟ್’ ಎಂದು ಉಳಿದದ್ದು. ಒಂದೇ ಸಲ ಕೇಳಿದ್ದರೆ ಅವನೂ ಯೋಚಿಸುತ್ತಿದ್ದ. ಕಟ್ಟಿದ ದುಡ್ಡನ್ನು ಕಳೆದುಕೊಳ್ಳಬಾರದೆಂದು ಮತ್ತೆ ಮತ್ತೆ ಕಟ್ಟಿದ. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು, ಅವನು ಕಣ್ಣಿನಿಂದಲೂ ಕಾಣದ ಕಂಪನಿಯೊಂದರಲ್ಲಿ ಎರಡು ವರ್ಷ ದುಡಿದನೆಂಬ ಅನುಭವ ಪತ್ರ. ಅದನ್ನು ಹಿಡಿದು ಹೋದ ನಿಜವಾದ ಕಂಪನಿಯಲ್ಲಿ ಇಂಟರ್‌ವ್ಯೂ ಪಾಸಾದ ಮೇಲೆ ಪಿಎಫ್ ನಂಬರ್ ಕೇಳಿದರು. ಎರಡು ವರ್ಷ ದುಡಿದಿದ್ದರೆ ಎರಡು ವರ್ಷದ ಭವಿಷ್ಯನಿಧಿ ಕಟ್ಟಿದ ಲೆಕ್ಕ ಇರಬೇಕಲ್ಲ! ಇಲ್ಲ. ಸುಳ್ಳು ಪತ್ರವಿಲ್ಲದೆ ಹೋಗಿದ್ದರೆ ಹೊಸಬರ ಲೆಕ್ಕದಲ್ಲಾದರೂ ತೆಗೆದುಕೊಳ್ಳುತ್ತಿದ್ದೆವು ಎಂದು ಅಲ್ಲಿನವರು ಹೇಳಿ ಕಳಿಸಿದರು. ದುಡ್ಡು ಹೋದದ್ದಕ್ಕಿಂತ ಆ ಮಾತು ಅವನನ್ನು ಹೆಚ್ಚು ದಿನ ಕಾಡಿತು. ಕನ್ಸಲ್ಟೆನ್ಸಿಯ ಬೋರ್ಡು ಅಷ್ಟರಲ್ಲಿ ಆ ಕಟ್ಟಡದಿಂದ ಇಳಿದಿತ್ತು.

ವಿದೇಶದ ಆಸೆ ತೋರಿಸುವವರದು ಇನ್ನೂ ಅಪಾಯದ ವ್ಯವಹಾರ. ವಿದೇಶಕ್ಕೆ ಜನರನ್ನು ಕಳಿಸುವ ಏಜೆಂಟರು ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕೆಂದು 1983ರ ಎಮಿಗ್ರೇಷನ್ ಕಾಯಿದೆಯೇ ಕಡ್ಡಾಯ ಮಾಡಿತು. ಆದರೂ ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಹೇಳಿ ಓದಿದ ಹುಡುಗರನ್ನು ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಮೋಸದ ದಂಧೆಗೆ ಕೂಡಿಹಾಕುತ್ತಿದ್ದಾರೆಂದು 2022ರಲ್ಲಿ ಭಾರತ ಸರ್ಕಾರವೇ ಎಚ್ಚರಿಕೆ ಕೊಡಬೇಕಾಯಿತು.

ಇನ್ನು ಹೆಗಡೆಯವರ ಮಗನ ಮಾತು. ಹೇಳಿದ ದಿನಕ್ಕೆ ಹುಡುಗ ಬಂದ. ತನ್ನ ಬಯೋಡೇಟಾದ ಎರಡು ಹಾಳೆ ಮೇಜಿನ ಮೇಲಿಟ್ಟ. ಮೊದಲ ನಾಲ್ಕು ಸಾಲು, ಸವಾಲಿನ ವಾತಾವರಣದಲ್ಲಿ ಸಂಸ್ಥೆಯ ಏಳಿಗೆಗೆ ದುಡಿಯುವ ಹಂಬಲ ಇತ್ಯಾದಿ. ಇನ್ನೂರು ಜನರ ಅರ್ಜಿಯಲ್ಲೂ ಅದೇ ನಾಲ್ಕು ಸಾಲು ಇರುತ್ತದೆ. ಆಮೇಲೆ ಅಂಕಗಳು, ಕಲಿತ ಸಾಫ್ಟ್‌ವೇರುಗಳ ಹೆಸರು, ಹವ್ಯಾಸದಲ್ಲಿ ಕ್ರಿಕೆಟ್ ಮತ್ತು ಸಂಗೀತ. ಪ್ರಾಜೆಕ್ಟ್ ಏನು ಮಾಡಿದ್ದು ಎಂದು ಕೇಳಿದರೆ ತಲೆ ತಗ್ಗಿಸಿದ. ನಾಲ್ವರು ಸೇರಿ ಬೆಂಗಳೂರಿನ ಅಂಗಡಿಯಲ್ಲಿ ಸಿದ್ಧವಾದದ್ದನ್ನು ಕೊಂಡು ತಂದಿದ್ದರಂತೆ. ಇದು ಈಗ ಎಷ್ಟೋ ಕಡೆ ನಡೆಯುವುದೇ. ಆದರೆ ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆ ಬರುವುದೂ ಅಲ್ಲಿಂದಲೇ.

ಸೆಕ್ರೆಟರಿಯವರು ಕೇಳಿದರು: “ಮನೇಲಿ ಪಲ್ಪರ್ ಯಾರು ನೋಡ್ಕೊಳ್ಳೋದು ತಮ್ಮಾ?”

“ನಾನೇ.”

“ಹೂವಿಗೆ ನೀರು ಹೊಡೆಯೋ ಪಂಪ್?”

“ಅದೂ ನಾನೇ. ಹೋದ ವರ್ಷ ಮೋಟಾರ್ ಸುಟ್ಟಾಗ ನಾನೇ ಕಟ್ಟಿಸಿಕೊಂಡು ಬಂದು ಕೂರಿಸಿದ್ದು.”

ಇದು ಎರಡು ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ತೋಟದ ಕೆಲಸ ಬರೆದರೆ ನಗುತ್ತಾರೆಂದು ಬಿಟ್ಟಿದ್ದನಂತೆ. ನಮಗೆ ಆಶ್ಚರ್ಯವಾಯಿತು. ಪಲ್ಪರಿನ ಡ್ರಮ್ಮಿಗೂ ಅದರ ಎದುರಿನ ಹಲಗೆಗೂ ನಡುವಿನ ಸಂದನ್ನು ಹಣ್ಣಿನ ಗಾತ್ರ ನೋಡಿ ಹೊಂದಿಸಬೇಕು. ಬಿಗಿಯಾದರೆ ಬೀಜ ಕಚ್ಚುತ್ತದೆ, ಸಡಿಲವಾದರೆ ಹಣ್ಣು ಇಡಿಯಾಗಿ ದಾಟಿಹೋಗುತ್ತದೆ. ಅರೇಬಿಕಾ ಮುಗಿಸಿ ರೋಬಸ್ಟಾ ಹಾಕುವಾಗ ಮತ್ತೆ ಹೊಂದಿಸಬೇಕು. ಇದನ್ನು ಐದು ಸುಗ್ಗಿ ಕೈಯಾರೆ ಮಾಡಿದ ಹುಡುಗನಿಗೆ ಅನುಭವವಿಲ್ಲ ಎನ್ನುವವರು ಯಾರು? ಮೋಟಾರ್ ಯಾಕೆ ಸುಟ್ಟಿತು ಎಂದು ಕೇಳಿದೆವು. ಮೂರು ಫೇಸಿನಲ್ಲಿ ಒಂದು ಹೋದಾಗ ಓಡುತ್ತಿದ್ದ ಮೋಟಾರ್ ನಿಲ್ಲದೆ, ಉಳಿದೆರಡು ಫೇಸಿನಿಂದ ಹೆಚ್ಚು ಕರೆಂಟ್ ಎಳೆದುಕೊಂಡು ಬಿಸಿಯೇರಿತು, ಅದನ್ನು ತಡೆಯುವ ಸಾಧನ ಕೆಟ್ಟಿದ್ದನ್ನು ಯಾರೂ ನೋಡಿರಲಿಲ್ಲ ಎಂದು ಸರಿಯಾಗಿಯೇ ಹೇಳಿದ. ಇಷ್ಟು ಹೊತ್ತು ತಗ್ಗಿದ್ದ ತಲೆ ಈಗ ಎತ್ತಿತ್ತು.

ಅಂದೇ ಕುಳಿತು ಅರ್ಜಿಯನ್ನು ತಿರುಗಿ ಬರೆಸಿದೆವು. ಒಂದೇ ಹಾಳೆ. ಹಂಬಲದ ನಾಲ್ಕು ಸಾಲು ತೆಗೆದು ಆ ಜಾಗದಲ್ಲಿ ಯಾವ ಯಂತ್ರ, ಎಷ್ಟು ಅಶ್ವಶಕ್ತಿ, ಏನು ಕೆಟ್ಟಿತ್ತು, ಏನು ಮಾಡಿದೆ ಎಂದು ಬರೆದದ್ದಾಯಿತು. ಕೊಂಡುತಂದ ಪ್ರಾಜೆಕ್ಟಿನ ಹೆಸರೊಂದನ್ನು ಮಾತ್ರ ಉಳಿಸಿ, ಅದನ್ನು ಮನೆಯಲ್ಲಿ ಬಿಚ್ಚಿ ಮತ್ತೆ ಜೋಡಿಸಿ ಅರ್ಥ ಮಾಡಿಕೊಂಡು ಬಾ ಎಂದು ಕಳಿಸಿದೆವು. ಎಲ್ಲಿಗೆ ಅರ್ಜಿ ಎಂಬುದು ಮುಂದಿನ ಪ್ರಶ್ನೆ. ಹುಡುಗನಿಗೆ ಗೊತ್ತಿದ್ದದ್ದು ಹತ್ತು ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಹೆಸರು ಮಾತ್ರ. ಅವಕ್ಕೆ ಲಕ್ಷಗಟ್ಟಲೆ ಅರ್ಜಿ ಬೀಳುತ್ತವೆ. ಆದರೆ ನಿಮ್ಮ ಪಂಪಿನ ಮೇಲಿರುವ ತಗಡಿನ ಪಟ್ಟಿಯನ್ನು ಒರೆಸಿ ಓದಿ ನೋಡಿ, ಎಷ್ಟೋ ಮನೆಗಳಲ್ಲಿ ಕೊಯಮತ್ತೂರು ಎಂದಿರುತ್ತದೆ. ಬೆಳಗಾವಿಯಲ್ಲಿ ಎರಕದ ಕಾರ್ಖಾನೆಗಳಿವೆ, ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವಿದೆ, ಬೆಂಗಳೂರಿನ ಪೀಣ್ಯದಲ್ಲಿ ಬೀದಿಬೀದಿಗೂ ಸಣ್ಣ ಕಾರ್ಖಾನೆಗಳಿವೆ. ಯಂತ್ರ ಕೆಟ್ಟಾಗ ಬಿಚ್ಚಬಲ್ಲ ಹುಡುಗ ಸಿಗುತ್ತಿಲ್ಲವೆಂದು ಇಂಥ ಕಡೆ ಮಾಲೀಕರು ಗೊಣಗುವುದನ್ನು ನಾವೇ ಕೇಳಿದ್ದೇವೆ. ಅವರು ಪೇಪರಿನಲ್ಲಿ ಜಾಹೀರಾತು ಕೊಡುವುದು ಅಪರೂಪ. ಗೇಟಿಗೆ ಹೋಗಿ ಕೇಳಬೇಕು.

ಹುಡುಗ ನಲವತ್ತೊಂದು ಕಡೆ ಅರ್ಜಿ ಹಾಕಿದ. ಐದು ಕಡೆಯಿಂದ ಉತ್ತರ ಬಂತು. ಮೊದಲ ಮೂರರಲ್ಲಿ ಆಗಲಿಲ್ಲ, ಒಂದರಲ್ಲಂತೂ ಇಂಗ್ಲಿಷಿನಲ್ಲಿ ತಡವರಿಸಿ ಬೆವತು ಬಂದ. ನಾಲ್ಕನೆಯದು ಶಿವಮೊಗ್ಗದ ಒಂದು ಎರಕದ ಕಾರ್ಖಾನೆ. ಅಲ್ಲಿನ ಹಿರಿಯ ಇಂಜಿನಿಯರರು ಅರ್ಜಿ ಓದಿ ಕೇಳಿದ ಪ್ರಶ್ನೆ: ದಡದ ಮೇಲಿಟ್ಟ ಪಂಪ್ ಎಷ್ಟು ಆಳದಿಂದ ನೀರೆಳೆದೀತು? ಪುಸ್ತಕದ ಪ್ರಕಾರ ಸಮುದ್ರಮಟ್ಟದಲ್ಲಿ 10.3 ಮೀಟರ್. ನಮ್ಮಂತೆ ಸಾವಿರ ಮೀಟರ್ ಎತ್ತರದಲ್ಲಿದ್ದರೆ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಸುಮಾರು ಒಂದು ಮೀಟರ್ ಕಡಿಮೆ. ಪೈಪಿನ ಘರ್ಷಣೆ, ಫುಟ್‌ವಾಲ್ವ್ ಎಲ್ಲ ಕಳೆದರೆ ಆರೇಳು ಮೀಟರ್ ದಕ್ಕಿದರೆ ಪುಣ್ಯ. ಅದಕ್ಕೇ ಬೇಸಿಗೆಯಲ್ಲಿ ಕೆರೆ ಇಳಿದ ಹಾಗೆ ಪಂಪನ್ನೂ ಇಳಿಸುತ್ತೇವೆ ಎಂದನಂತೆ. ಮೇಂಟೆನೆನ್ಸ್ ವಿಭಾಗಕ್ಕೆ ಟ್ರೈನಿಯಾಗಿ ತೆಗೆದುಕೊಂಡರು. ಸಂಬಳ ಹದಿನೇಳು ಸಾವಿರ, ಮೂರು ಪಾಳಿ.

ಹೆಗಡೆಯವರಿಗೆ ಇದು ಸಮಾಧಾನವಾಯಿತೆಂದು ಬರೆದರೆ ಸುಳ್ಳಾಗುತ್ತದೆ. “ಮಸಿ ಮೆತ್ತಿಕೊಳ್ಳೋದಕ್ಕೆ ಇಂಜಿನಿಯರ್ ಓದಿಸಬೇಕಿತ್ತಾ?” ಎಂದು ನಮ್ಮ ಮೇಲೇ ರೇಗಿದರು. ಅವರ ಸಂಕಟ ಅರ್ಥವಾಗದ್ದೇನಲ್ಲ. ಮದುವೆಮನೆಯಲ್ಲಿ ನೆಂಟರು ಕೇಳುವುದು ಯಾವ ಕಂಪನಿ, ಎಷ್ಟು ಪ್ಯಾಕೇಜು ಎಂದು. ಕುಲುಮೆಯ ಪಕ್ಕದ ಕೆಲಸಕ್ಕೆ ಅಲ್ಲಿ ಬೆಲೆಯಿಲ್ಲ. ಹುಡುಗನಿಗೂ ಮೊದಲ ತಿಂಗಳು ರಾತ್ರಿಪಾಳಿಯಲ್ಲಿ ವಾಪಸು ಬಂದುಬಿಡೋಣ ಎನಿಸಿತ್ತಂತೆ. ಬರಲಿಲ್ಲ.

ಹೆಣ್ಣುಮಕ್ಕಳ ಒಂದು ಉದಾಹರಣೆಯನ್ನೂ ಹೇಳಬೇಕು, ಯಾಕೆಂದರೆ ಅದರ ದಾರಿ ಬೇರೆ. ನಮ್ಮ ಇನ್ನೊಬ್ಬ ಸದಸ್ಯರ ಮಗಳು, ಎಲೆಕ್ಟ್ರಾನಿಕ್ಸ್ ಓದಿದವಳು, 2022ರಲ್ಲಿ ಬೆಂಗಳೂರಿನ ಸರ್ಕಾರಿ ಸ್ವಾಮ್ಯದ ಕಾರ್ಖಾನೆಯೊಂದಕ್ಕೆ ಒಂದು ವರ್ಷದ ಅಪ್ರೆಂಟಿಸ್ ಆಗಿ ಸೇರಿದಳು. 1961ರ ಅಪ್ರೆಂಟಿಸ್ ಕಾಯಿದೆಗೆ 1973ರಲ್ಲಿ ತಿದ್ದುಪಡಿ ಮಾಡಿ ಪದವಿ ಮತ್ತು ಡಿಪ್ಲೊಮಾ ಪಡೆದವರನ್ನೂ ಸೇರಿಸಿದರು. ದಕ್ಷಿಣದ ರಾಜ್ಯಗಳಿಗೆಲ್ಲ ಇದರ ತರಬೇತಿ ಮಂಡಳಿ ಚೆನ್ನೈಯಲ್ಲಿದೆ. ನೋಂದಣಿಯೆಲ್ಲ ಕಂಪ್ಯೂಟರಿನ ಮೂಲಕ, ಶುಲ್ಕ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳಿದವನು ದಲ್ಲಾಳಿ ಎಂದೇ ತಿಳಿಯಿರಿ. ಮೂವತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕೆಂದು 2019ರಲ್ಲಿ ನಿಯಮ ಬಿಗಿ ಮಾಡಿದರು. ಆ ವರ್ಷದ ನಿಯಮದಂತೆ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಭತ್ಯ ನಿಗದಿಯಾಯಿತು.

ಒಂಬತ್ತು ಸಾವಿರದಲ್ಲಿ ಬೆಂಗಳೂರಿನಲ್ಲಿ ಬದುಕುವುದು ಹೇಗೆಂದು ಕೇಳಬೇಡಿ. ಪಿಜಿಗೆ ಏಳು ಸಾವಿರ ಹೋಗುತ್ತಿತ್ತು, ಮನೆಯಿಂದ ಅಕ್ಕಿ, ಉಪ್ಪಿನಕಾಯಿ, ಕಾಫಿಪುಡಿಯ ಜೊತೆ ತಿಂಗಳಿಗೆ ಮೂರು ಸಾವಿರವೂ ಹೋಗುತ್ತಿತ್ತು. ವರ್ಷ ಮುಗಿದಾಗ ಆ ಕಾರ್ಖಾನೆ ಅವಳನ್ನು ಇಟ್ಟುಕೊಳ್ಳಲಿಲ್ಲ. ಕಾಯಿದೆಯೇ ಹಾಗಿದೆ. ತರಬೇತಿ ಕೊಟ್ಟವರು ಕೆಲಸ ಕೊಡಲೇಬೇಕೆಂದಿಲ್ಲ. ಇದನ್ನು ತಿಳಿಯದೆ ಸೇರಿದವರು ಕೊನೆಗೆ ಅಳುತ್ತಾರೆ. ಅವಳಿಗೆ ಮೊದಲೇ ಗೊತ್ತಿತ್ತು. ಒಂಬತ್ತನೇ ತಿಂಗಳಿನಿಂದಲೇ ಬೇರೆ ಕಡೆ ಅರ್ಜಿ ಹಾಕತೊಡಗಿದ್ದಳು. ಸರ್ಕಾರಿ ಮೊಹರಿನ ಪ್ರಮಾಣಪತ್ರ, ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸಿದ ಒಂದು ವರ್ಷದ ಅಭ್ಯಾಸ ಎರಡೂ ಕೈಯಲ್ಲಿದ್ದವು. ಈಗ ಪೀಣ್ಯದಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದಾಳೆ. ಅಣ್ಣನ ಮಗನ ಸುಳ್ಳು ಅನುಭವ ಪತ್ರಕ್ಕೆ ಕೊಟ್ಟ ಅರವತ್ತು ಸಾವಿರವನ್ನೂ, ಈ ಹುಡುಗಿಯ ಮನೆಯವರು ವರ್ಷವಿಡೀ ಕಳಿಸಿದ ಮೂವತ್ತಾರು ಸಾವಿರವನ್ನೂ ಪಕ್ಕಪಕ್ಕ ಇಟ್ಟು ನೋಡುವುದು ನಮಗೆ ಈಗ ಅಭ್ಯಾಸವಾಗಿದೆ.

ಗೇಟ್ ಪರೀಕ್ಷೆ ಬರೆದು ಸಾರ್ವಜನಿಕ ಉದ್ಯಮಗಳಿಗೆ ಹೋಗುವ ದಾರಿಯಿದೆ, ಸರ್ಕಾರಿ ಜೂನಿಯರ್ ಇಂಜಿನಿಯರ್ ಹುದ್ದೆಯ ಪರೀಕ್ಷೆಗಳಿವೆ. ಬರೆಯುವವರು ಬರೆಯಲಿ. ಆದರೆ ಅದೊಂದನ್ನೇ ನಂಬಿ ನಾಲ್ಕು ವರ್ಷ ಮನೆಯಲ್ಲಿ ಕುಳಿತವರನ್ನೂ ನೋಡಿದ್ದೇವೆ. ಕೆಲಸ ಮಾಡುತ್ತ ಬರೆದರೆ ಪರೀಕ್ಷೆಯೇನೂ ಬೇಸರಪಟ್ಟುಕೊಳ್ಳುವುದಿಲ್ಲ.

ಹೆಗಡೆಯವರು ಈಡಿನ ಸಾಲವನ್ನು ಮತ್ತೆ ಕೇಳಲಿಲ್ಲ. ಅವರ ಹತ್ತು ಚೀಲ ಚೈತ್ರದ ಟೆಂಡರಿನಲ್ಲಿ ಮಾರಾಟವಾಯಿತು.

ಕೊನೆಯದಾಗಿ ಒಂದು ಸೂಚನೆ. ಸದಸ್ಯರ ಮಕ್ಕಳಲ್ಲಿ ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವವರು ಸಂತೆಯ ದಿನ ಮಧ್ಯಾಹ್ನ ಮೂರರ ಮೇಲೆ ತಮ್ಮ ಅರ್ಜಿಯೊಂದಿಗೆ ಕಚೇರಿಗೆ ಬರಬಹುದು. ಯಂತ್ರಗಳ ವರ್ಕ್‌ಶಾಪ್, ಕಾಫಿ ಕ್ಯೂರಿಂಗ್, ಡ್ರೈಯರ್ ಇತ್ಯಾದಿ ನಡೆಸುವ ಸದಸ್ಯರು ಒಬ್ಬಿಬ್ಬರು ಹೊಸಬರನ್ನು ಅಪ್ರೆಂಟಿಸರಾಗಿ ತೆಗೆದುಕೊಳ್ಳಲು ಮನಸ್ಸಿದ್ದರೆ ಸೆಕ್ರೆಟರಿಯವರಿಗೆ ತಿಳಿಸಬೇಕು. ನಾಲ್ಕು ಜನ ದುಡಿಯುವ ಜಾಗದಲ್ಲೂ ಇದಕ್ಕೆ ಕಾಯಿದೆಯಲ್ಲಿ ಅವಕಾಶವಿದೆ. ಅರ್ಜಿ ತರುವವರು ಮನೆಯ ಪಂಪಿನ ಅಶ್ವಶಕ್ತಿ ಎಷ್ಟೆಂದು ನೋಡಿಕೊಂಡೇ ಬರಬೇಕಾಗಿ ವಿನಂತಿ.